ಶಿಂಗ್‌ಫೆನ್ ಅಕ್ಕನ ಕಪ್ಪೆ ಕೊಡೆಗಳು

ಸೋಂಗ್‌ಷಿಯಾದಲ್ಲಿ ಕೊಡೆಗೆ ಸಂಬಂಧವಿಲ್ಲದ ಮನೆ ಸಿಗುವುದು ಕಷ್ಟ. ಒಬ್ಬರು ಕಡ್ಡಿ ಬಗ್ಗಿಸುತ್ತಾರೆ, ಇನ್ನೊಬ್ಬರು ಬಟ್ಟೆ ಕತ್ತರಿಸುತ್ತಾರೆ, ಮುದುಕಿಯರು ಬಾಗಿಲಲ್ಲಿ ಕೂತು ಬಿಚ್ಚಿ ಮುಚ್ಚಿ ಪರೀಕ್ಷೆ ಮಾಡುತ್ತಾರೆ. ನಾನು ಸಾಗಿಸುವವನು. ಹೆಸರು ಲೌ ಗೆನ್‌ಫು. ಕಂಟೇನರ್ ಲಾರಿ ಓಡಿಸುತ್ತ ಇಪ್ಪತ್ತೆಂಟು ವರ್ಷವಾಯಿತು. ಇಲ್ಲಿಂದ ಬೈಲುನ್ ಬಂದರಿಗೆ, ಬಂದರಿನಿಂದ ಇಲ್ಲಿಗೆ, ಅಷ್ಟೇ ನನ್ನ ಪ್ರಪಂಚ. ಈ ಪ್ರಪಂಚದಲ್ಲಿ ನನಗೆ ಅತಿ ಹೆಚ್ಚು ಬೈದವಳು ನನ್ನ ಹೆಂಡತಿ ಅಂದುಕೊಂಡರೆ ತಪ್ಪು. ಅದು ರುವಾನ್ ಶಿಂಗ್‌ಫೆನ್ ಅಕ್ಕ.

ಯಜಮಾನ ಚಿಯು ಅವರ ಕಾರ್ಖಾನೆಯಲ್ಲಿ ಮಾಲು ಹೊರಡಿಸುವ ಜವಾಬ್ದಾರಿ ಅಕ್ಕನದು. ಹತ್ತೊಂಬತ್ತಕ್ಕೆ ಹೊಲಿಗೆ ಸಾಲಿಗೆ ಸೇರಿದವಳು, ನಲವತ್ತೇಳಕ್ಕೆ ಉಗ್ರಾಣದ ರಾಣಿಯಾಗಿದ್ದಳು. ಕುಳ್ಳಗೆ, ದುಂಡಗೆ, ಕೆಂಪು ಸ್ವೆಟರು. ಕಂಟೇನರ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಸೂರ್ಯಕಾಂತಿ ಬೀಜ ಜಗಿಯುತ್ತಿದ್ದರೂ ಒಳಗೆ ಎಷ್ಟು ಪೆಟ್ಟಿಗೆ ಬಿದ್ದವು ಎಂದು ಸದ್ದಿನಲ್ಲೇ ಎಣಿಸುತ್ತಿದ್ದಳು. ಒಮ್ಮೆ ನಾನು ಬೇಕಂತಲೇ ಲಾರಿಯ ಪಕ್ಕ ಗುದ್ದಿ ಅದೇ ಸದ್ದು ಮಾಡಿದೆ. ತಿರುಗಿ ಕೂಡ ನೋಡದೆ, "ಗೆನ್‌ಫು, ಆ ಪೆಟ್ಟಿಗೆಯಲ್ಲಿ ನಿನ್ನ ತಲೆ ಇತ್ತೇನೋ, ಖಾಲಿ ಸದ್ದು ಬಂತು" ಅಂದಳು.

ಅಂಥವಳಿಗೆ ವರ್ಷಕ್ಕೊಮ್ಮೆ ಮೈಮೇಲೆ ಬರುತ್ತಿತ್ತು. ಚಾಂದ್ರಮಾನದ ಹನ್ನೆರಡನೇ ತಿಂಗಳ ಇಪ್ಪತ್ಮೂರಕ್ಕೆ, ಸ್ವರ್ಗದಲ್ಲಿ ನಮ್ಮ ಮೇಲೆ ಚಾಡಿ ಹೇಳದಿರಲಿ ಎಂದು ಒಲೆ ದೇವರ ಬಾಯಿಗೆ ಅಂಟುಬೆಲ್ಲ ಸವರಿ ಮೇಲಕ್ಕೆ ಕಳಿಸಿದೆವೋ, ಆ ಕ್ಷಣದಿಂದ ಹೊಸವರ್ಷದವರೆಗೆ ಕಾರ್ಖಾನೆಯಲ್ಲಿ ಅಕ್ಕನ ಆಳ್ವಿಕೆ. 'ಮುಗೀತು' ಅನ್ನಬಾರದು, 'ತುಂಬಿತು' ಅನ್ನಬೇಕು. ಬಟ್ಟಲು ಒಡೆದರೆ ಚೂರುಗಳನ್ನು ಕೆಂಪು ಕಾಗದದಲ್ಲಿ ಸುತ್ತಿಡಬೇಕು. ಎಲ್ಲಕ್ಕಿಂತ ದೊಡ್ಡ ಫಜೀತಿ ಕೊಡೆಯದೇ. ನಮ್ಮ ಮಾತಿನಲ್ಲಿ 'ಕೊಡೆ' ಎಂಬ ಪದವೂ 'ಚದುರಿ ಹೋಗು' ಎಂಬ ಪದವೂ ಕಿವಿಗೆ ಒಂದೇ ಥರ. ಹಬ್ಬದ ಹೊತ್ತಿನಲ್ಲಿ ಒಬ್ಬರಿಗೆ ಕೊಡೆ ಕೊಟ್ಟರೆ, ಇನ್ನು ನಿನ್ನ ಮುಖ ತೋರಿಸಬೇಡ ಎಂದ ಹಾಗೆ. ಅದಕ್ಕೇ ಹಳಬರು ಕೊಡೆಗೆ 'ನಿಂತ ಟೋಪಿ' ಅನ್ನುತ್ತಿದ್ದರು. ವರ್ಷಕ್ಕೆ ಲಕ್ಷಗಟ್ಟಲೆ ಕೊಡೆ ಮಾಡುವ ಆ ಕಾರ್ಖಾನೆಯಲ್ಲಿ ಆ ಒಂದು ವಾರ ಎಲ್ಲರೂ ಹಾಗೇ ಅನ್ನಬೇಕಿತ್ತು. ಬಾಯಿ ತಪ್ಪಿದರೆ ಅಕ್ಕನೆದುರು ಮೂರು ಸಲ ಥೂ ಥೂ ಥೂ ಎಂದು ಮರ ಮುಟ್ಟಬೇಕು. ಯಜಮಾನರಿಗೂ ವಿನಾಯಿತಿ ಇರಲಿಲ್ಲ. ಒಂದು ಸಲ ಅವರು ಹ್ಯಾಂಬರ್ಗ್‌ನ ಗಿರಾಕಿಯ ಆಫೀಸಿನ ಜೊತೆ ಫೋನಿನಲ್ಲಿದ್ದಾಗ ಆ ಪದ ಹೊರಬಿತ್ತು.

"ಯಜಮಾನ್ರೇ, ಥೂ ಅನ್ನಿ."

"ಜರ್ಮನಿಯವರ ಹತ್ರ ಮಾತಾಡ್ತಿದೀನಿ ಮಾರಾಯ್ತಿ!"

"ಅವರಿಗೂ ಹೇಳಿ, ಒಟ್ಟಿಗೆ ಅನ್ನಲಿ."

ಯಜಮಾನರು ಫೋನಿಗೆ ಕೈ ಅಡ್ಡ ಹಿಡಿದು ಮೂರು ಸಲ ಥೂ ಅಂದರು. ಆ ಕಡೆಯವರು ಏನು ತಿಳಿದುಕೊಂಡರೋ, ಆರ್ಡರ್ ಮಾತ್ರ ಕೊಟ್ಟರು.

ನಾನು ಹೇಳಹೊರಟಿರುವುದು ಹನ್ನೆರಡು ವರ್ಷದ ಹಿಂದಿನ ಮಾತು. ಹಬ್ಬಕ್ಕೆ ಮುಂಚಿನ ಮೂರು ವಾರ ಎಂದರೆ ನಮ್ಮ ಕಡೆ ಎಲ್ಲರ ಕಾಲಿಗೂ ಚಕ್ರ. ಹೊರಗಿನ ಕೆಲಸಗಾರರು ಊರಿಗೆ ಹೊರಡುತ್ತಾರೆ, ಕಾರ್ಖಾನೆಗಳು ಬಾಗಿಲು ಹಾಕುತ್ತವೆ, ಮೊದಲ ತಿಂಗಳ ಹದಿನೈದಕ್ಕೆ ಲಾಟೀನು ಹಬ್ಬ ಕಳೆದ ಮೇಲೇ ಮತ್ತೆ ತೆರೆಯುವುದು. ಹೋದವರಲ್ಲಿ ಮೂವರಿಗೆ ಒಬ್ಬರು ವಾಪಸು ಬರುವುದೇ ಇಲ್ಲ. ಆದ್ದರಿಂದ ಎರಡು ತಿಂಗಳ ಮಾಲನ್ನು ಈಗಲೇ ಹಡಗು ಹತ್ತಿಸಿಬಿಡಬೇಕು. ಎಲ್ಲರಿಗೂ ಅದೇ ಬುದ್ಧಿ. ಹಡಗಿನಲ್ಲಿ ಜಾಗವಿಲ್ಲ, ಖಾಲಿ ಕಂಟೇನರ್ ಸಿಗುವುದಿಲ್ಲ, ಬಂದರಿನ ರಸ್ತೆಯಲ್ಲಿ ಲಾರಿಗಳು ಮೈಲಿಗಟ್ಟಲೆ ನಿಂತಿರುತ್ತವೆ. ಆಮೇಲೆ ಹಬ್ಬ ಬಂತು ನೋಡಿ, ತುಂಬಲು ಏನೂ ಇಲ್ಲದೆ ಹಡಗುಗಳೇ ಬರುವುದು ನಿಲ್ಲುತ್ತವೆ. ಆ ವರ್ಷ ಹ್ಯಾಂಬರ್ಗ್‌ಗೆ ಇಪ್ಪತ್ತಾರರ ಹಡಗೇ ಕೊನೆ. ಅದರ ನಂತರದ ಎರಡು ಹಡಗು ರದ್ದಾಗಿದ್ದವು. ಸಂಜೆ ಎಂಟರೊಳಗೆ ಕಂಟೇನರ್ ಬಂದರಿನ ಗೇಟು ದಾಟಬೇಕು.

ಒಂಬತ್ತು ಗಂಟೆ ಸಾಲಿನಲ್ಲಿ ನಿಂತು ಖಾಲಿ ಕಂಟೇನರ್ ಹಿಡಿದು ನಾನು ಕಾರ್ಖಾನೆಗೆ ಬಂದಾಗ ಇಪ್ಪತ್ತಾರರ ಬೆಳಗಿನ ಹತ್ತೂವರೆ. ಒಳಗೆ ಯಾರೂ ಕೆಲಸ ಮಾಡುತ್ತಿರಲಿಲ್ಲ. ಅಂದೇ ಯಜಮಾನರ ವರ್ಷಾಂತ್ಯದ ಔತಣ! ಅಂಗಳದಲ್ಲಿ ಹದಿನಾರು ಮೇಜು, ಬಾತುಕೋಳಿ, ಹಂದಿಮಾಂಸದ ಜೊತೆ ಬೇಯಿಸಿದ ಒಣ ಸಾಸಿವೆ ಸೊಪ್ಪು, ಬಿಸಿ ಬಿಸಿ ಅಕ್ಕಿ ಹೆಂಡದ ಜಾಡಿಗಳು. ಮಾಲು ತುಂಬುವವರ ಮುಖಂಡ ಬಾವೊಜು, ಅನ್‌ಹುಯಿ ಕಡೆಯ ಆರಡಿ ಆಳು, ಆಗಲೇ ಮೇಜಿನ ಮೇಲೆ ನಿಂತು ಹಾಡುತ್ತಿದ್ದ.

"ಅಕ್ಕಾ, ಎಂಟು ಗಂಟೆಗೆ ಗೇಟು!" ಎಂದೆ.

"ನನಗೇ ಹೇಳ್ತೀಯಾ? ಉಣ್ಣು ಮೊದ್ಲು. ಹೆಂಡ ಮುಟ್ಟಿದ್ರೆ ಕೈ ಮುರೀತೀನಿ, ನೀನು ಲಾರಿ ಓಡಿಸ್ಬೇಕು" ಎಂದು ನನ್ನ ತಟ್ಟೆಗೆ ಬಾತಿನ ಕಾಲು ಹಾಕಿದಳು.

ಅಂಗಳದ ಮೂಲೆಯಲ್ಲಿ ಮಾಲು ಸಿದ್ಧವಾಗಿತ್ತು. ಹ್ಯಾಂಬರ್ಗ್‌ಗೆ ಹೋಗಬೇಕಾದ ಆರುನೂರ ನಲವತ್ತು ಪೆಟ್ಟಿಗೆ ಮಕ್ಕಳ ಕೊಡೆ. ಹಸಿರು ಬಟ್ಟೆ, ಮೇಲೆ ಎರಡು ಉಬ್ಬುಗಣ್ಣು, ಬಿಚ್ಚಿದರೆ ಥೇಟ್ ಕಪ್ಪೆ. ಪಕ್ಕದಲ್ಲೇ ಇನ್ನೂ ಐವತ್ತೆರಡು ಪೆಟ್ಟಿಗೆ: ಬಸ್ಸು ಹಿಡಿದು ಊರಿಗೆ ಹೊರಟಿದ್ದ ಐವತ್ತೆರಡು ಜನ ಕೆಲಸಗಾರರಿಗೆ ಹಬ್ಬದ ಉಡುಗೊರೆ. ಒಳಗೆ ಅಕ್ಕಿ ಕಡುಬು. ಬೇಯಿಸಿದ ಅಕ್ಕಿ ಹಿಟ್ಟನ್ನು ಕುಟ್ಟಿ ಉದ್ದಕ್ಕೆ ಅಚ್ಚು ಹಾಕಿದ್ದು. ತಿಂದವರು ವರ್ಷ ವರ್ಷವೂ ಎತ್ತರಕ್ಕೇರಲಿ ಎಂಬ ಆಶಯ ಅದರ ಹೆಸರಿನಲ್ಲೇ ಇದೆ. ಯಜಮಾನರು ಕೈ ಬಿಗಿ ಮನುಷ್ಯ, ಉಳಿದಿದ್ದ ಕಪ್ಪೆ ಚಿತ್ರದ ಪೆಟ್ಟಿಗೆಗಳಲ್ಲೇ ಕಡುಬು ತುಂಬಿಸಿದ್ದರು. ಗುರುತಿಗೆಂದು ಅಕ್ಕ ಆ ಐವತ್ತೆರಡಕ್ಕೂ ಚೌಕ ಕೆಂಪು ಚೀಟಿ ಅಂಟಿಸಿದ್ದಳು. "ಕೆಂಪು ಇರೋದು ಬಸ್ಸಿಗೆ, ಇಲ್ಲದ್ದು ಕಂಟೇನರ್‌ಗೆ" ಎಂದು ಬಾವೊಜುವಿನ ಕಿವಿ ಹಿಡಿದು ಎರಡು ಸಲ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಆಮೇಲೆ ನಡೆದದ್ದು ಲೋಡಿಂಗೋ ಕುಣಿತವೋ ಹೇಳಲಾರೆ. ಎರಡು ಸಾಲಾಗಿ ನಿಂತು ಪೆಟ್ಟಿಗೆಯನ್ನು ಕೈಯಿಂದ ಕೈಗೆ ಎಸೆಯುತ್ತ, ಪ್ರತಿ ಹತ್ತಕ್ಕೆ ಒಂದು ಕೂಗು ಹಾಕುತ್ತ, ಅಷ್ಟು ವೇಗವಾಗಿ ಕಂಟೇನರ್ ತುಂಬಿದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಅತ್ತ ಬಸ್ಸಿನ ಹೊಟ್ಟೆಗೂ ಪೆಟ್ಟಿಗೆಗಳು ಹಾರುತ್ತಿದ್ದವು. ಗ್ವೇಜೋ ಬೆಟ್ಟದ ಮಿಯಾವ್ ಬುಡಕಟ್ಟಿನ ಹುಡುಗಿ ಲಾಂಗ್ ಯಿನ್‌ಹ್ವಾ, ಇಡೀ ಕಾರ್ಖಾನೆಯಲ್ಲೇ ಚುರುಕು ಹೊಲಿಗೆಯವಳು, ತನ್ನ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಕಿಟಕಿ ಪಕ್ಕ ಕೂತಳು. ಅವಳು ಶಾವೊಶಿಂಗ್‌ನಲ್ಲಿ ಇಳಿದು ರೈಲು ಹಿಡಿಯಬೇಕಿತ್ತು; ಉಳಿದವರೆಲ್ಲ ಅನ್‌ಹುಯಿಗೆ. ಒಂದು ಗಂಟೆಗೆ ಬಸ್ಸು ಹೊರಟಿತು. "ಆರುನೂರ ನಲವತ್ತು! ತುಂಬಿತು!" ಎಂದಳು ಅಕ್ಕ. ಬಾಗಿಲು ಹಾಕಿ ಸೀಲು ಒತ್ತಿದೆ. ಬೈಲುನ್‌ನಲ್ಲಿ ಅವಳ ಮಗಳ ಮನೆ, ಹಬ್ಬಕ್ಕೆ ಅಲ್ಲಿಗೇ ಹೋಗಬೇಕಿದ್ದರಿಂದ ನನ್ನ ಪಕ್ಕ ಹತ್ತಿ ಕೂತಳು. ಮಡಿಲಲ್ಲಿ ಜೀವಂತ ಕೋಳಿ, ಕಾಲ ಬಳಿ ಉಪ್ಪುಮೀನು.

ಹೆದ್ದಾರಿಯಲ್ಲಿ ಯುಯಾವ್ ಹತ್ತಿರ ಬರುವಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಎತ್ತಿದ್ದೇ ತಡ, ಐವತ್ತು ಜನ ಒಟ್ಟಿಗೆ ಕಿರುಚಿದ ಸದ್ದು. ಕೋಳಿ ಬೆಚ್ಚಿಬಿದ್ದು ನನ್ನ ತೊಡೆಗೆ ಹಾರಿತು.

"ಅಕ್ಕಾ! ಏನಿದರ ಅರ್ಥ? ಏಳು ವರ್ಷ ದುಡಿದಿದೀವಿ, ಹಬ್ಬದ ಹೊತ್ತಲ್ಲಿ ಕೊಡೆ ಕೊಟ್ಟು ಕಳಿಸ್ತೀರಾ? ಬರಬೇಡಿ ಅಂತಿದ್ರೆ ಬಾಯಲ್ಲೇ ಹೇಳ್ಬಹುದಿತ್ತು!" ಅದು ಬಾವೊಜುವಿನ ಹೆಂಡತಿ.

"ಥೂ ಥೂ ಥೂ! ನಿಂತ ಟೋಪಿ ಅನ್ನೇ!" ಎಂದಳು ಅಕ್ಕ, ಅಭ್ಯಾಸ ಬಲದಿಂದ. ಆಮೇಲೆ ಮಾತು ತಲೆಗಿಳಿಯಿತು. "ಏನಂದೆ? ಪೆಟ್ಟಿಗೆಯಲ್ಲಿ ಏನಿದೆ?"

"ಕಪ್ಪೆ! ಐವತ್ತೆರಡು ಪೆಟ್ಟಿಗೆ ಕಪ್ಪೆ! ಹಸಿವಾಯ್ತು ಅಂತ ಒಂದು ಬಿಚ್ಚಿದ್ವಿ, ಆಮೇಲೆ ಎಲ್ಲಾನೂ ಬಿಚ್ಚಿ ನೋಡಿದ್ವಿ. ಇಲ್ಲಿ ಹೆಂಗಸ್ರು ಅಳ್ತಿದಾರೆ ಅಕ್ಕ."

"ಬಾವೊಜುಗೆ ಕೊಡು ಫೋನು."

ಆಮೇಲೆ ಆರಡಿ ಆಳಿನ ಮೂರಿಂಚು ಧ್ವನಿ: "ಅಕ್ಕ, ನಿನ್ನ ಮೇಜಿನ ಮೇಲೆ ಕೆಂಪು ಚೀಟಿ ಉಳಿದಿತ್ತು. ಪಾಪ ಜರ್ಮನಿಗೆ ಹೋಗೋ ಮಾಲಿಗೆ ಮಾತ್ರ ಯಾಕೆ ಶುಭ ಬೇಡ ಅಂತ, ಕೈಗೆ ಸಿಕ್ಕಿದಷ್ಟಕ್ಕೂ ನಾನೂ ಅಂಟಿಸ್ಬಿಟ್ಟೆ. ಬಸ್ಸಿನವರು ಆ ರಾಶಿಯಿಂದಲೇ ಐವತ್ತೆರಡು ಎತ್ಕೊಂಡ್ರು, ಉಳಿದಿದ್ದೆಲ್ಲ ಕಂಟೇನರ್‌ಗೆ ಹೋಯ್ತು. ಸ್ವಲ್ಪ ಕುಡಿದಿದ್ದೆ."

ಅಕ್ಕ ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು. ನಮ್ಮ ಬೆನ್ನ ಹಿಂದೆ, ಸೀಲು ಬಿದ್ದ ಕಂಟೇನರಿನಲ್ಲಿ, ಕೊಡೆಗಳೆಂದು ಕಾಗದದಲ್ಲಿ ಬರೆಸಿಕೊಂಡ ಐವತ್ತೆರಡು ಪೆಟ್ಟಿಗೆ ಕಡುಬು ಹ್ಯಾಂಬರ್ಗ್‌ಗೆ ಹೊರಟಿತ್ತು. ಕಸ್ಟಮ್ಸ್‌ನವರು ಬಾಗಿಲು ತೆಗೆಸಿದರೆ ಮಾನ ಹೋಯಿತು. ತೆಗೆಸದಿದ್ದರೆ ಇನ್ನೂ ಚೆನ್ನ, ಮೂವತ್ತೈದು ದಿನ ಸಮುದ್ರದಲ್ಲಿ ಹಳಸಿದ ಕಡುಬಿನ ಮೇಲೆ ಜರ್ಮನಿಯ ಮಕ್ಕಳ ಕೊಡೆ.

"ಎಷ್ಟು ಗಂಟೆ?"

"ಎರಡೂ ಹತ್ತು."

"ತಿರುಗಿಸು ಲಾರಿ."

"ಅಕ್ಕಾ, ಹಡಗು..."

"ಹಡಗು ಹೋದ್ರೆ ಇನ್ನೊಂದು ಬರುತ್ತೆ ಕಣೋ. ಈ ಐವತ್ತೆರಡು ಜನ ಹೋದ್ರೆ ಯಾರು ಬರ್ತಾರೆ?" ಅಂದವಳೇ ಮತ್ತೆ ಫೋನಿಗೆ ಬಾಯಿ ಹಚ್ಚಿದಳು. "ಎಲ್ರೂ ಕೇಳಿಸ್ಕೊಳ್ಳಿ! ಅದು ಉಡುಗೊರೆ ಅಲ್ಲ, ಗಲಾಟೆಯಲ್ಲಿ ಆದ ಅದಲು ಬದಲು. ಯಜಮಾನ್ರು ನಿಮಗೆ ಕೊಟ್ಟಿದ್ದು ಕಡುಬು, ಅದು ನನ್ನ ಹತ್ರ ಇದೆ. ಶಾಂಗ್ಯು ಟೋಲ್ ಗೇಟಿನ ಹೊರಗಿನ ಬಯಲಿಗೆ ಬನ್ನಿ. ಡ್ರೈವರ್ ಬರಲ್ಲ ಅಂದ್ರೆ ಅವನ ಮಡಿಲಿಗೊಂದು ಕಪ್ಪೆ ಬಿಚ್ಚಿ ಇಡಿ, ಹಬ್ಬದ ಉಡುಗೊರೆ ಅಂತ!"

ಡ್ರೈವರ್ ತಕ್ಷಣ ಒಪ್ಪಿದನಂತೆ.

ಹೆದ್ದಾರಿಯಿಂದ ಹೊರಬೀಳುವ ಮುಂದಿನ ದಾರಿಯಲ್ಲಿ ಇಳಿದು ಲಾರಿ ತಿರುಗಿಸಿಕೊಂಡೆ. ಮೂರು ಗಂಟೆಗೆ ಬಯಲು ಸೇರಿದಾಗ ಬಸ್ಸು ಆಗಲೇ ನಿಂತಿತ್ತು. ಜನವೆಲ್ಲ ಹೊಸ ಬಟ್ಟೆಯಲ್ಲಿ ಕೆಳಗಿಳಿದು ಕಾಲು ಬಡಿಯುತ್ತಿದ್ದರು. ಆಗ ಆಕಾಶವೂ ಸೇರಿಕೊಂಡಿತು ನೋಡಿ: ಜಿಟಿಜಿಟಿ ಮಳೆ, ಅದರೊಳಗೆ ಸಣ್ಣ ಮಂಜಿನ ಕಾಳು. ರಟ್ಟಿನ ಪೆಟ್ಟಿಗೆ ನೆನೆದರೆ ಮಾಲು ಹಾಳು. ನಾನು ಸೀಲು ಕತ್ತರಿಸಿ ಬಾಗಿಲು ತೆಗೆದೆ. ಬಾವೊಜು ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತ.

"ಹೊಡಿ ಅಕ್ಕ."

"ನನ್ನ ಕೈ ನಿನ್ನ ಕೆನ್ನೆಗೆ ಎಟುಕಿದ್ರೆ ತಾನೇ? ಹಬ್ಬ ಕಳೀಲಿ, ಸ್ಟೂಲು ತಂದು ಹೊಡೀತೀನಿ. ಈಗ ಹತ್ತು ಮೇಲೆ!"

ಮಳೆಯಿಂದ ಪೆಟ್ಟಿಗೆ ಕಾಯಬೇಕಲ್ಲ? ಕೈಯಲ್ಲೇ ಇದ್ದವು. ಬಾವೊಜುವಿನ ಹೆಂಡತಿ ಮೊದಲನೆಯದನ್ನು ಬಿಚ್ಚಿದಳು. ಆಮೇಲೆ ಪಟ್ ಪಟ್ ಪಟ್ ಎಂದು ಬಸ್ಸಿನ ಬಾಗಿಲಿನಿಂದ ಲಾರಿಯ ಬಾಗಿಲವರೆಗೆ ಹಸಿರು ಕಪ್ಪೆಗಳ ಚಪ್ಪರವೇ ಎದ್ದು ನಿಂತಿತು. ಮಕ್ಕಳ ಕೊಡೆ, ದೊಡ್ಡವರ ಅರ್ಧ ತಲೆಗೂ ಸಾಲದು. ಒಂದರ ಅಂಚಿಗೆ ಒಂದು ಸೇರಿಸಿ ಹಿಡಿದುಕೊಂಡರು. ಅದರ ಕೆಳಗೆ ಕಡುಬು ಆಚೆ, ಕಪ್ಪೆ ಈಚೆ. ಟೋಲ್ ಸಾಲಿನಲ್ಲಿ ಸಿಕ್ಕಿಬಿದ್ದಿದ್ದ ಕಾರುಗಳಿಂದ ಜನ ಇಳಿದು ಬಂದು ನೋಡಿದರು, ನಕ್ಕರು, ತಾವೂ ಸಾಲಿಗೆ ಸೇರಿ ಪೆಟ್ಟಿಗೆ ದಾಟಿಸಿದರು. ಚಿನ್ನದ ಹಲ್ಲಿನ ಒಬ್ಬ ಅಜ್ಜಿ ಬಂದು, "ಇಲ್ಲಿ ಯಾರ ಮದುವೆ?" ಎಂದು ಕೇಳಿದಳು. "ಕಡುಬಿಂದು ಅಜ್ಜಿ, ಜರ್ಮನಿಗೆ ಕೊಟ್ಟಿದ್ವಿ, ಮನಸ್ಸು ಬದಲಾಯ್ತು" ಎಂದ ಬಾವೊಜು. ಅಳುತ್ತಿದ್ದ ಹೆಂಗಸರೇ ಈಗ ಹೊಟ್ಟೆ ಹಿಡಿದು ನಗುತ್ತಿದ್ದರು. ಅಕ್ಕ ಲಾರಿಯ ಮೆಟ್ಟಿಲ ಮೇಲೆ ನಿಂತು, ಬಗಲಲ್ಲಿ ಕೋಳಿ ಇಟ್ಟುಕೊಂಡೇ, ಬೀದಿ ನಾಟಕದ ರಾಣಿಯ ಹಾಗೆ ಕೈ ಬೀಸಿ ಕೂಗುತ್ತಿದ್ದಳು. ಬಳಸಿದ ಕೊಡೆಗಳನ್ನೆಲ್ಲ ಒರೆಸಿ, ಮಡಿಸಿ, ಪೆಟ್ಟಿಗೆ ಸೇರಿಸಿದ್ದೂ ಆಯಿತು.

ಎಣಿಸುವ ಹೊತ್ತಿಗೆ ಅಕ್ಕನ ಮುಖ ಬದಲಾಯಿತು. ಐವತ್ತೊಂದು. ಒಂದು ಪೆಟ್ಟಿಗೆ ಕಪ್ಪೆ ಕಡಿಮೆ. ಒಂದು ಪೆಟ್ಟಿಗೆ ಕಡುಬು ಹೆಚ್ಚು.

"ಯಿನ್‌ಹ್ವಾ," ಎಂದಳು ಬಾವೊಜುವಿನ ಹೆಂಡತಿ. "ನಾವು ಬಿಚ್ಚೋದಕ್ಕೆ ಮುಂಚೆನೇ ಶಾವೊಶಿಂಗ್‌ನಲ್ಲಿ ಇಳಿದುಹೋದ್ಲು. ನಮ್ಮ ಯಾರ ಫೋನೂ ಎತ್ತಿಲ್ಲ."

ಎತ್ತುವುದೂ ಇಲ್ಲ. ಊರಿಗೆ ಹೊರಟಳೆಂದರೆ ಯಿನ್‌ಹ್ವಾ ಅಲ್ಲಿನ ಅಗ್ಗದ ನಂಬರು ಹಾಕಿಕೊಳ್ಳುತ್ತಾಳೆ, ಅದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅಕ್ಕ ಹಡಗಿನಲ್ಲಿ ಜಾಗ ಕೊಡಿಸುವ ಬುಕಿಂಗ್ ಆಫೀಸಿನವನಿಗೆ ಫೋನ್ ಮಾಡಿ ಕಾಗದದಲ್ಲಿ ಪೆಟ್ಟಿಗೆ ಆರುನೂರ ಮೂವತ್ತೊಂಬತ್ತು ಎಂದು ತಿದ್ದಿಸಿದಳು. ಅವನು ಆಗಲೇ ಮನೆಯ ಚಪ್ಪಲಿ ಹಾಕಿಕೊಂಡು ಹಬ್ಬದ ಮೀನು ಕರಿಯುತ್ತಿದ್ದನಂತೆ, ಬೈದುಕೊಂಡೇ ತಿದ್ದಿದ. ಬಸ್ಸು ಪಶ್ಚಿಮಕ್ಕೆ, ನಾವು ಪೂರ್ವಕ್ಕೆ. ಬಂದರಿನ ಹೊರಗೆ ಹೊಸ ಸೀಲು ಹಾಕಿಸಿ, ಎಂಟಕ್ಕೆ ಹನ್ನೊಂದು ನಿಮಿಷ ಇರುವಾಗ ಗೇಟು ದಾಟಿದೆವು. ನಾನು ಸ್ಟೇರಿಂಗ್ ಬಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದೆ. ಅಕ್ಕ ತಟ್ಟಲಿಲ್ಲ.

ಆ ಹಬ್ಬವೆಲ್ಲ ಅವಳಿಗೆ ಯಿನ್‌ಹ್ವಾಳದೇ ಯೋಚನೆ ಎಂದು ಅವಳ ಮಗಳು ಆಮೇಲೆ ನನಗೆ ಹೇಳಿದಳು. ಹೊಸವರ್ಷದ ಮೊದಲ ದಿನ ಕೆಟ್ಟ ಮಾತಾಡಬಾರದು, ಆದ್ದರಿಂದ ಇಡೀ ದಿನ ಬಾಯಿ ಬಿಗಿಹಿಡಿದಿದ್ದು ಎರಡನೇ ದಿನ ಬೆಳಗ್ಗೆ ಏಳುತ್ತಲೇ, "ಎಂಟು ವರ್ಷ ಒಂದು ಹೊಲಿಗೆ ತಪ್ಪದವಳಿಗೆ ನಲವತ್ತೆಂಟು ಸಲ ತೊಲಗು ಅಂದ ಹಾಗಾಯ್ತಲ್ಲೇ" ಎಂದು ಶುರುಮಾಡಿದಳಂತೆ. ಒಂದು ಪೆಟ್ಟಿಗೆಯಲ್ಲಿ ನಲವತ್ತೆಂಟು ಕೊಡೆ.

ಲಾಟೀನು ಹಬ್ಬದ ಮಾರನೆಯ ದಿನ, ಹದಿನಾರಕ್ಕೆ, ಅನ್‌ಹುಯಿಯ ಐವತ್ತೊಂದು ಜನವೂ ಬಂದಿಳಿದರು. ಒಬ್ಬರೂ ತಪ್ಪಿಲ್ಲ. ಟೋಲ್ ಗೇಟಿನ ಕತೆಯನ್ನು ಊರಲ್ಲಿ ಹೇಳಿ ಹೇಳಿ ಅವರ ಗಂಟಲು ಬಿದ್ದಿತ್ತು. ಯಿನ್‌ಹ್ವಾ ಮಾತ್ರ ಇಲ್ಲ. ಹದಿನೇಳಕ್ಕೂ ಇಲ್ಲ. ಹದಿನೆಂಟರ ಬೆಳಗ್ಗೆ ನಾನು ಅಂಗಳದಲ್ಲಿ ಟೈರು ನೋಡುತ್ತಿದ್ದೆ. ಗೇಟಿನ ಹೊರಗೆ ಹೆಂಗಸರ ನಗು ಕೇಳಿಸಿತು. ಮುಂದೆ ಯಿನ್‌ಹ್ವಾ, ಅವಳ ಹಿಂದೆ ಗಂಟುಮೂಟೆ ಹೊತ್ತ ಹನ್ನೊಂದು ಹುಡುಗಿಯರು.

ಅಕ್ಕ ಉಗ್ರಾಣದಿಂದ ಓಡಿ ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಯಿನ್‌ಹ್ವಾ! ಕೋಪ ಮಾಡ್ಕೋಬೇಡ ತಾಯಿ, ಅದು ತಪ್ಪಿ ಬಂದಿದ್ದು, ನಿನ್ನ ಕಡುಬು..."

"ಏನು ತಪ್ಪಿ ಬಂದಿದ್ದು ಅಕ್ಕ?"

"ಆ ನಿಂತ... ಆ ಕಪ್ಪೆಗಳು!"

"ಅಯ್ಯೋ, ಅದನ್ನು ಹೇಳೋಕೆ ಬಂದೆ!" ಯಿನ್‌ಹ್ವಾ ಅಷ್ಟು ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. "ನಮ್ಮೂರಲ್ಲಿ ಮದುಮಗಳು ಕೊಡೆ ಹಿಡ್ಕೊಂಡೇ ಗಂಡನ ಮನೆಗೆ ಹೋಗೋದು. ಮಂಗಳ ವಸ್ತು ಅಕ್ಕ ಅದು, ನೀವೆಲ್ಲ ಅದರ ಹೆಸರಿಗೆ ಯಾಕೆ ಥೂ ಅಂತೀರೋ ನನಗೆ ಇವತ್ತಿಗೂ ತಿಳಿದಿಲ್ಲ! ಊರಿನ ಮಕ್ಕಳಿಗೆಲ್ಲ ಒಂದೊಂದು ಕೊಟ್ಟೆ. ಹಬ್ಬವೆಲ್ಲ ಬೆಟ್ಟದ ತುಂಬಾ ಕಪ್ಪೆ! ಅಷ್ಟು ದೊಡ್ಡ ಮನಸ್ಸಿನ ಯಜಮಾನ್ರು ಯಾರೇ ಅಂತ ಇವರೆಲ್ಲ ಹಿಂದೆ ಬಿದ್ರು. ಕೆಲಸ ಇದೆಯಾ?"

ನಮ್ಮ ಮಾತಿನ ಶ್ಲೇಷೆ ಅವಳ ಊರಿನಲ್ಲಿ ಇಲ್ಲವೇ ಇಲ್ಲ ಎಂಬುದು ಅಕ್ಕನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದ ಮೇಲೆ ಅಂಗಳದ ನಡುವೆ ನೆಲಕ್ಕೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಯಜಮಾನರು ಕಿಟಕಿಯಿಂದ ಇಣುಕಿ, "ಯಾರು ಸತ್ತದ್ದು?" ಎಂದರು. ಯಾರೂ ಅವರಿಗೆ ಥೂ ಅನ್ನಿ ಎನ್ನಲಿಲ್ಲ.

ಆ ವರ್ಷ ಸೋಂಗ್‌ಷಿಯಾದ ಬೇರೆ ಕಾರ್ಖಾನೆಗಳು ಜನರಿಗಾಗಿ ಬಸ್ ನಿಲ್ದಾಣದಲ್ಲಿ ಹಲಗೆ ಹಿಡಿದು ನಿಂತಿದ್ದಾಗ, ನಮ್ಮ ಸಾಲುಗಳೆಲ್ಲ ಭರ್ತಿ ಓಡಿದವು. ಎರಡನೇ ತಿಂಗಳ ಮೊದಲ ವಾರವೇ ಮೂರು ಕಂಟೇನರ್ ಸಿದ್ಧ. ಹಡಗುಗಳು ಅರ್ಧ ಖಾಲಿ. ಜಾಗ ಬೇಕೆಂದರೆ ಬುಕಿಂಗ್ ಆಫೀಸಿನವನು ಚಹಾ ತರಿಸಿ ಕೂರಿಸುತ್ತಿದ್ದ. ಬಂದರಿನ ರಸ್ತೆಯಲ್ಲಿ ನನ್ನ ಮುಂದೆ ಒಂದೂ ಲಾರಿ ಇರಲಿಲ್ಲ.

ಮಗಳನ್ನು ನೋಡುವ ನೆಪದಲ್ಲಿ ಅಕ್ಕ ಅಂದೂ ನನ್ನ ಜೊತೆ ಬಂದಿದ್ದಳು. ಕಂಟೇನರ್ ಇಳಿಸಿದ ಮೇಲೆ, "ಗೆನ್‌ಫು, ಹಡಗು ಅಂದ್ರೆ ಎಷ್ಟು ದೊಡ್ಡದಿರುತ್ತೋ?" ಎಂದು ಮೆಲ್ಲಗೆ ಕೇಳಿದಳು. ಇಪ್ಪತ್ತೆಂಟು ವರ್ಷ ಹಡಗಿಗೆ ಹೋಗುವ ಮಾಲಿನ ನಡುವೆಯೇ ದುಡಿದವಳು ಒಮ್ಮೆಯೂ ಹಡಗು ನೋಡಿರಲಿಲ್ಲ! ಬಂದರಿನ ಹಿಂದಿನ ಗುಡ್ಡಕ್ಕೆ ಕರೆದೊಯ್ದೆ. ಕೆಳಗೆ ಒಂದು ಹಡಗು ದಡ ಬಿಡುತ್ತಿತ್ತು, ಅದನ್ನು ಎಳೆಯುವ ದೋಣಿಗಳು ಬಾತುಮರಿಗಳ ಹಾಗೆ ಕಾಣುತ್ತಿದ್ದವು. ಅಕ್ಕ ಸ್ವೆಟರಿನ ತೋಳು ಮಡಚಿ ಎರಡೂ ಕೈ ಎತ್ತಿ ಬೀಸಿದಳು, ಕುಣಿದು ಕುಣಿದು ಬೀಸಿದಳು. ಅಷ್ಟರಲ್ಲಿ ಹಡಗು ಭೋಂ ಎಂದು ಕೂಗಿತು.

"ನೋಡ್ದೇನೋ, ನನಗೇ ಕೂಗಿದ್ದು!" ಎಂದಳು.

ನಾನು ಹೌದು ಎಂದೆ. ಆಮೇಲೆ ಗುಡ್ಡ ಇಳಿದು ಇಬ್ಬರೂ ಮೀನಿನ ಸಾರಿನ ಶಾವಿಗೆ ತಿಂದೆವು. ಅಕ್ಕ ಎರಡು ಬಟ್ಟಲು ತಿಂದು, ಮೂರನೆಯದನ್ನು ನನ್ನ ಹೆಸರಿನಲ್ಲಿ ತರಿಸಿದಳು.